ಸೂಜಿ ಎರಡು ಕಂಡ ದಿನ

ಆಗೆಲ್ಲ ಉಬ್ರಾಣಿಯ ನಮ್ಮ ಮನೆಯಲ್ಲಿ ಮಳೆಗಾಲ ಮೊದಲು ಮೂಗಿಗೆ ತಿಳಿಯುತ್ತಿತ್ತು. ಕಳಲೆ ನೆನೆಹಾಕಿದ ನೀರಿನ ಹುಳಿವಾಸನೆ ಜಗಲಿಯವರೆಗೂ ಬರುತ್ತಿತ್ತು. ಎಳೆಬಿದಿರಿನ ಆ ಹೋಳುಗಳನ್ನು ಸೀತಮ್ಮ ಚಿಕ್ಕಮ್ಮ ಉಪ್ಪುನೀರು ಹಾಕಿ ಗಾಜಿನ ಭರಣಿಯಲ್ಲಿ ಬೇಸಿಗೆಗೂ ಉಳಿಸುತ್ತಿದ್ದಳು. ಆ ವರ್ಷ ಮಾತ್ರ, ಉಪ್ಪು ಜಾಸ್ತಿ ಎಂದು ಮಕ್ಕಳು ಗೊಣಗಿದ್ದೆವೆಂದು ಉಪ್ಪು ಕಡಿಮೆ ಮಾಡಿ, ಕೆಡದಿರಲೆಂದು ಮುಚ್ಚಳದ ಸುತ್ತ ಮೇಣ ಮೆತ್ತಿದ್ದಳು.

ಬೇಸಿಗೆಯಲ್ಲಿ ಭರಣಿ ತೆರೆದವಳೇ ಹಸಿ ಹೋಳೊಂದನ್ನು ಬಾಯಿಗೆ ಹಾಕಿಕೊಂಡಳು. ಕಹಿ ಹೋಗಿದೆಯೇ ಎಂದು ಹಾಗೆ ಅಗಿದು ನೋಡದೆ ನಮ್ಮಲ್ಲಿ ಕಳಲೆ ಒಲೆಗೆ ಏರುತ್ತಿರಲಿಲ್ಲ.

"ಸರಿ ಐತೆ," ಎಂದಳು. ಆಮೇಲೆ ಹೆಸರುಕಾಳು ಹಾಕಿ ಚೆನ್ನಾಗಿ ಕುದಿಸಿದ ಪಲ್ಯವನ್ನು ರೊಟ್ಟಿಯ ಜೊತೆ ಎಲ್ಲರೂ ಬಾರಿಸಿದೆವು.

ಚಿಕ್ಕಮ್ಮ ಊರಿನವರ ಬಟ್ಟೆ ಹೊಲಿಯುತ್ತಿದ್ದಳು. ಮರುದಿನ ನನ್ನನ್ನು ಕರೆದಳು.

"ದಾರ ಪೋಣಿಸ್ಕೊಡೇ ಪುಟ್ಟಿ. ಸೂಜಿ ಎರಡೆರಡು ಕಾಣ್ತೈತೆ."

"ವಯಸ್ಸಾತು ಬಿಡು ನಿಂಗೆ. ಚನ್ನಗಿರಿಗೆ ಹೋಗಿ ಕನ್ನಡಕ ಹಾಕಿಸ್ಕೊಂಡು ಬಾ," ಎಂದು ಅವ್ವ ನಕ್ಕಳು.

ಸಂಜೆಗೆ ಚಿಕ್ಕಮ್ಮನ ರೆಪ್ಪೆಗಳು ಜೋತುಬಿದ್ದವು. ನಿದ್ದೆಗಣ್ಣಮ್ಮ ಎಂದು ನಾವು ಆಡಿಕೊಂಡೆವು. ಅವಳೂ ನಗಲು ಹೋದಳು, ಮುಖ ಕದಲಲಿಲ್ಲ. ಕುಡಿದ ನೀರು ಮೂಗಿನಲ್ಲಿ ಬಂದಾಗ ಅಪ್ಪ ಹೆದರಿ ಶಿವಮೊಗ್ಗಕ್ಕೆ ಗಾಡಿ ಮಾಡಿಸಿದ.

ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದರು.

"ಊಟದ್ದೇನಲ್ಲ ಬಿಡ್ರಿ ಸಾರ್, ಎಲ್ರೂ ಅದನ್ನೇ ಉಂಡೀವಿ," ಎಂದ ಅಪ್ಪ.

"ಬೇಯಿಸೋ ಮುಂಚೆ ಅವರೊಬ್ಬರೇ ಏನಾದ್ರೂ ತಿಂದ್ರಾ?"

ಅವ್ವನ ಕೈ ಬಾಯಿಗೆ ಹೋಯಿತು. "ರುಚಿ ನೋಡಿದ್ಲು ರೀ."

ಗಾಳಿಯಾಡದ ಭರಣಿಯಲ್ಲಿ ಹುಟ್ಟುವ ವಿಷವಂತೆ ಅದು. ಚೆನ್ನಾಗಿ ಕುದಿಸಿದರೆ ಹೋಗುತ್ತದಂತೆ. ಹಸಿಯಾಗಿ ಒಳಗೆ ಹೋದರೆ ಮೊದಲು ಕಣ್ಣನ್ನೇ ಹಿಡಿಯುತ್ತದಂತೆ. ಸೂಜಿ ಎರಡು ಕಂಡಾಗಲೇ ಕರೆತರಬೇಕಿತ್ತು ಎಂದರು.

ಉಸಿರಾಟದ ಮಷಿನ್ ಹಾಕಿದ ಮೇಲೂ ಚಿಕ್ಕಮ್ಮನಿಗೆ ಎಚ್ಚರವಿತ್ತು. ಕಣ್ಣು ತೆರೆಯಲಾಗದೆ, ಬೆರಳಿನಿಂದ ನನ್ನ ಅಂಗೈ ಒತ್ತುತ್ತಿದ್ದಳು. ಒಂದು ಬೆಳಿಗ್ಗೆ ಒತ್ತಲಿಲ್ಲ.

ನಮ್ಮ ಮನೆಗೆ ಮತ್ತೆ ಕಳಲೆ ಬರಲಿಲ್ಲ. ನ್ಯಾಮತಿಯ ಸಂತೆಯಲ್ಲಿ ಅದರ ವಾಸನೆ ಬಡಿದರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಅದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ. ನನಗೂ ಚಾಳೀಸು ಬಂದಿದೆ. ದಾರ ಪೋಣಿಸಿಕೊಡು ಎಂದು ಮಗಳನ್ನು ಕರೆದರೆ ಸಾಕು, ಒಳಗಿದ್ದ ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುತ್ತಾಳೆ.

"ಎಷ್ಟು ಕಾಣ್ತಾವೆ?"

"ಒಂದೇ, ಅವ್ವ."

ಚಿಕ್ಕಮ್ಮ ಅವತ್ತು ಯಾರೂ ಕೇಳದೆಯೇ ಹೇಳಿದ್ದಳು.