ಒಂದೇ ಬಂದೂಕು, ಮೂರು ಕೆಲಸ

ಕೊರೊನಾ ಹೋಯಿತೆಂದು ಗದಗ-ಬೆಟಗೇರಿಯ ಜನ ಮೂಗಿನ ಮೇಲಿದ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ ವರ್ಷ ಅದು. ಆಗ ನಾನು ಗದಗಿನಲ್ಲಿ ಪರವಾನಿಗೆ ಪಡೆದ ಬಂದೂಕಿನ ಅಂಗಡಿ ನಡೆಸುತ್ತಿದ್ದೆ. ಮಾರುವುದು, ರಿಪೇರಿ ಮಾಡುವುದು, ಚುನಾವಣೆ ಬಂದಾಗ ಜನ ಜಮಾ ಮಾಡುವ ಬಂದೂಕುಗಳನ್ನು ಕಾಯುವುದು ನಮ್ಮ ಕೆಲಸ. ಸಿನಿಮಾ ನೋಡಿದವರು ಇದನ್ನು ಬಹಳ ರೋಮಾಂಚನದ ಧಂದೆ ಎಂದುಕೊಳ್ಳುತ್ತಾರೆ. ಏನು ಮಣ್ಣಿನ ರೋಮಾಂಚನ! ದಿನದ ಮುಕ್ಕಾಲು ಪಾಲು ಎಣ್ಣೆ ಒರೆಸುವುದರಲ್ಲಿ ಹೋಗುತ್ತದೆ, ಉಳಿದ ಕಾಲು ಪಾಲು ಕಚೇರಿಗಳ ಬಾಗಿಲಲ್ಲಿ ನಿಲ್ಲುವುದರಲ್ಲಿ.

ದಸರೆಗೆ ತಿಂಗಳಿದೆ ಎನ್ನುವಾಗ ಅಡರಕಟ್ಟಿಯ ಫಕ್ಕೀರಪ್ಪನವರು ಹೆಂಡತಿ ಶಾಂತವ್ವನ ಜೊತೆ ಅಂಗಡಿಗೆ ಬಂದರು. ಸೇನೆಯಲ್ಲಿ ಹದಿನೇಳು ವರ್ಷ ಕಳೆದು ಹವಾಲ್ದಾರರಾಗಿ ನಿವೃತ್ತರಾದವರು. ಕೈಯಲ್ಲಿ ಹೊಸ ಲೈಸೆನ್ಸ್ ಇತ್ತು. ಎಟಿಎಂಗಳಿಗೆ ಹಣ ಸಾಗಿಸುವ ಕಂಪನಿಯೊಂದು ಗದಗಿನಲ್ಲಿ ಅವರಿಗೆ ಕಾವಲಿನ ಕೆಲಸ ಕೊಡುತ್ತೇನೆ ಎಂದಿತ್ತು. ಒಂದೇ ಷರತ್ತು: ಬಂದೂಕು ಸ್ವಂತದ್ದು ಇರಬೇಕು. ನಮ್ಮ ಕಡೆ ಈ ನೌಕರಿಯ ರೀತಿಯೇ ಹಾಗೆ. ಹೊಸ ಲೈಸೆನ್ಸ್‌ಗೂ ಒಂದು ಗಡುವಿರುತ್ತದೆ, ಅದರೊಳಗೆ ಬಂದೂಕು ಕೊಂಡು ಜಿಲ್ಲಾಧಿಕಾರಿ ಕಚೇರಿಗೆ ತೋರಿಸಬೇಕು. ಅವರ ಗಡುವು ದಸರೆಯ ಹೊತ್ತಿಗೆ ಮುಗಿಯುತ್ತಿತ್ತು. ತಪ್ಪಿದರೆ ಪುಣೆಯ ಕಾರ್ಖಾನೆಯೊಂದರಲ್ಲಿ ಕಾವಲುಗಾರನ ಕೆಲಸ ತಯಾರಿತ್ತು, ಅಲ್ಲಿ ಬಂದೂಕು ಕಂಪನಿಯೇ ಕೊಡುತ್ತದೆ.

ಶಾಂತವ್ವ ಕುಂತವಳೇ ಮುಚ್ಚುಮರೆಯಿಲ್ಲದೆ ಹೇಳಿದಳು.

"ಅಣ್ಣಾರ, ಹದಿನೇಳು ವರ್ಷ ಪತ್ರದಾಗ, ಫೋನಿನ್ಯಾಗ ಸಂಸಾರ ಮಾಡೀನಿ. ಇನ್ನ ಪುಣೇಕ ಕಳಸಾಕ ನನ್ನ ಕೈಲೆ ಆಗಂಗಿಲ್ಲ. ನೀವು ಎಂಥದರ ಕೊಡ್ರಿ, ಇವ್ರು ಸಂಜೀಕ ಮನಿಗೆ ಬರೂ ಹಂಗ ಆಗ್ಲಿ."

ಹವಾಲ್ದಾರರಿಗೆ ಮಾತ್ರ ಎಂಥದ್ದಾದರೂ ನಡೆಯುತ್ತಿರಲಿಲ್ಲ. ಅವರಿಗೆ ಸೆಮಿ-ಆಟೋಮ್ಯಾಟಿಕ್ ರೈಫಲ್ಲೇ ಬೇಕು. ಅಂದರೆ, ಒಮ್ಮೆ ಬೆರಳಿನಿಂದ ಬಂದೂಕಿನ ಕುದುರೆ ಎಳೆದರೆ ಒಂದು ಗುಂಡು ಹಾರಿ, ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್. ಬಂದೂಕು ಒಂದೇ, ಕೆಲಸ ಮೂರು: ಹಣದ ಗಾಡಿ ಕಾಯಬೇಕು, ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಸಪ್ಪಳದಿಂದ ಓಡಿಸಬೇಕು, ಮನೆಗೂ ಆಸರೆಯಾಗಬೇಕು. ಇಷ್ಟೆಲ್ಲ ಆಗಿ ಅಗ್ಗವಾಗಿಯೂ ಇರಬೇಕು. ನಿವೃತ್ತಿಯಾದಾಗ ಕೈಗೆ ಬಂದ ಹಣವೆಲ್ಲ ಮನೆಯ ಮೇಲ್ಛಾವಣಿಗೆ ಹೋಗಿತ್ತು.

ನಾನು ತಲೆ ಕೆರೆದುಕೊಂಡೆ. ಸೇನೆಯಲ್ಲಿ ಅವರು ಹಿಡಿದಂಥದ್ದು ನಿಷೇಧಿತ ವರ್ಗ, ನಮ್ಮಂಥ ಅಂಗಡಿಯಲ್ಲಿ ಅದರ ಮಾತೇ ಎತ್ತುವಂತಿಲ್ಲ. ಉಳಿದದ್ದು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ ಟೂ-ಟೂ, ಅಂದರೆ ಸಣ್ಣ ಗುಂಡಿನ ರೈಫಲ್. ಅದರಲ್ಲಿ ಸೆಮಿ-ಆಟೋಮ್ಯಾಟಿಕ್ ಇವರ ಲೈಸೆನ್ಸ್‌ಗೆ ನಡೆಯುತ್ತದೆಯೋ ಇಲ್ಲವೋ? ಕಚೇರಿಯಲ್ಲಿ ಒಬ್ಬರು ನಡೆಯುತ್ತದೆ ಎಂದರು. ಇನ್ನೊಬ್ಬರು ಸಾಧ್ಯವೇ ಇಲ್ಲ ಎಂದರು. ಮೂರನೆಯವರು ಬೆಳಿಗ್ಗೆ ನಡೆಯುತ್ತದೆ ಎಂದು, ಮಧ್ಯಾಹ್ನ ಚಹಾ ಕುಡಿದ ಮೇಲೆ ಮೇಲಿನವರನ್ನು ಕೇಳಬೇಕು ಎಂದರು. ಅಷ್ಟು ವರ್ಷ ಅದೇ ಧಂದೆ ಮಾಡಿದ ನನಗೇ ದಿಕ್ಕು ತಪ್ಪಿತು. ರಾತ್ರಿ ನಿಯಮದ ಪುಸ್ತಕ ತೆರೆದರೆ ಒಂದು ಕಲಮು ಇನ್ನೊಂದು ಕಲಮಿಗೆ ಕಳಿಸುತ್ತಿತ್ತು, ಅದು ಮತ್ತೆ ಮೊದಲಿನದಕ್ಕೇ ಕಳಿಸುತ್ತಿತ್ತು.

ಫಕ್ಕೀರಪ್ಪನವರಿಗೆ ಸಲಹೆ ಕೊಡುವವರೂ ಕಡಿಮೆ ಇರಲಿಲ್ಲ. ಶಿಗ್ಲಿಯ ಅವರ ಮಾವ ಸೆಕೆಂಡ್ ಹ್ಯಾಂಡ್ ಬೇಡ ಎಂದರೆ, ಸೇನೆಯಲ್ಲಿ ಜೊತೆಗಿದ್ದವರೊಬ್ಬರು ಫೋನಿನಲ್ಲಿ ಹೊಸದು ಬೇಡ, ಹಳೆಯದೇ ಗಟ್ಟಿ ಎಂದರು. ಹವಾಲ್ದಾರರು ದಿನಕ್ಕೊಂದು ವಿಡಿಯೋ ನೋಡಿ ಬಂದು ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಊರೆಲ್ಲ ಕೂಡಿ ಒಂದು ಎತ್ತಿಗೆ ಬೆಲೆ ಕಟ್ಟಿದ ಹಾಗಾಯಿತು ನಮ್ಮ ಸ್ಥಿತಿ.

ಅಷ್ಟರಲ್ಲಿ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಕಾಲದ ರೈಫಲ್ಲನ್ನು ಮಾರಾಟಕ್ಕೆಂದು ನನ್ನಲ್ಲಿ ಜಮಾ ಮಾಡಿದರು. ಸೆಮಿ-ಆಟೋಮ್ಯಾಟಿಕ್, ಪಾಯಿಂಟ್ ಟೂ-ಟೂ, ಬೆಲೆಯೂ ಹವಾಲ್ದಾರರ ಕೈಗೆಟುಕುವಂಥದ್ದು. ಹೊರಗಿನಿಂದ ನೋಡಿದರೆ ಕನ್ನಡಿ. ಒಂದು ವರ್ಷವೂ ತಪ್ಪದೆ ಮಹಾನವಮಿಗೆ ಪೂಜೆ ಮಾಡಿದ್ದೇವೆ ಎಂದು ವ್ಯಾಪಾರಿ ಹೆಮ್ಮೆಯಿಂದ ಹೇಳಿದರು. ಫಕ್ಕೀರಪ್ಪನವರು ಅದನ್ನು ಕೈಗೆತ್ತಿಕೊಂಡಾಗ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನನಗೂ ಖುಷಿಯಾಯಿತು. ಕಚೇರಿಯ ಗೊಂದಲ ಹೇಗೋ ಬಗೆಹರಿದೀತು, ಮೊದಲು ಮಾಲು ನೋಡೋಣ ಎಂದು ಅಂಗಡಿಯ ಹಿಂದೆ ಮರಳು ತುಂಬಿಸಿಟ್ಟಿದ್ದ ಜಾಗದಲ್ಲಿ ಪರೀಕ್ಷೆಗೆ ನಿಂತೆವು.

ಮೊದಲ ಗುಂಡು ಹಾರಿತು. ಎರಡನೆಯದಕ್ಕೆ ಕುದುರೆ ಎಳೆದೆ, ಸಪ್ಪಳವಿಲ್ಲ. ಖಾಲಿ ತೋಟಾ ಅರ್ಧ ಹೊರಗೆ ಬಂದು ಬಾಯಿಗೆ ಅಡ್ಡ ಸಿಕ್ಕಿಕೊಂಡಿತ್ತು. ತೆಗೆದು ಮತ್ತೆ ಹೊಡೆದೆ, ಮತ್ತೆ ಅದೇ ಕಥೆ. ನನ್ನ ಕೈಯಿಂದ ಫಕ್ಕೀರಪ್ಪನವರು ತೆಗೆದುಕೊಂಡು, ಮ್ಯಾಗಜಿನ್ ಕಳಚಿ, ಒಳಗೆ ನೋಡಿದರು. ಇಂಥದ್ದನ್ನು ಅವರು ಯಾವ ಗಡಿಯಲ್ಲೂ ಕಂಡಿರಲಿಲ್ಲ.

ಬಿಚ್ಚಿ ನೋಡಿದರೆ ಒಳಗೆಲ್ಲ ಅರಿಶಿನ, ಕುಂಕುಮ, ಗಂಧ! ಅವುಗಳ ಮೇಲೆ ವರ್ಷ ವರ್ಷವೂ ಬಿಟ್ಟ ಎಣ್ಣೆ, ಪ್ರೋಕ್ಷಣೆ ಮಾಡಿದ ಕಾಯಿನೀರು. ಎಲ್ಲ ಕೂಡಿ ಗಟ್ಟಿಯಾಗಿ, ಕೆಳಗೆ ತುಕ್ಕು ಹಿಡಿದಿತ್ತು. ತಂದೆ ತೀರಿದ ಮೇಲೆ ಆ ಮನೆಯಲ್ಲಿ ಅದರಿಂದ ಒಂದು ಗುಂಡೂ ಹಾರಿರಲಿಲ್ಲ, ಒಂದು ಪೂಜೆಯೂ ತಪ್ಪಿರಲಿಲ್ಲ. ವ್ಯಾಪಾರಿಗೆ ಫೋನ್ ಮಾಡಿದರೆ ಅವರಿಗೆ ನನ್ನ ಮಾತೇ ಅರ್ಥವಾಗಲಿಲ್ಲ. "ತಪ್ಪದ ಪೂಜಿ ಮಾಡಿದ್ದು ಕೆಡೂದು ಹೆಂಗ್ರಿ?" ಎಂದು ನನ್ನನ್ನೇ ಕೇಳಿದರು. ಫೋನ್ ಇಟ್ಟು ಮತ್ತೆ ರೈಫಲ್ಲಿನ ಮುಂದೆ ಕುಳಿತೆ. ಜೋಡು ನಳಿಗೆ ಬಂದೂಕಾಗಿದ್ದರೆ ಬಟ್ಟೆಯಿಂದ ಒರೆಸಿದರೆ ಸಾಕಿತ್ತು. ಸೆಮಿ-ಆಟೋಮ್ಯಾಟಿಕ್ ನಾಜೂಕಿನದು, ಒಳಗಿನ ಸ್ಪ್ರಿಂಗಿಗೆ ದೇವರ ಕುಂಕುಮ, ಹಾದಿಯ ಧೂಳು ಎಂಬ ಭೇದವಿಲ್ಲ.

ಎರಡು ದಿನ ತಿಕ್ಕಿ ತೊಳೆದೆ. ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಗಡುವು ಹತ್ತಿರ ಬಂತು. ಪುಣೆಯ ಫೋನೂ ಬಂತು. ಫಕ್ಕೀರಪ್ಪನವರು ಮುಖ ಸಪ್ಪಗೆ ಮಾಡಿಕೊಂಡು ಇದನ್ನೇ ರಿಪೇರಿ ಮಾಡಿಕೊಡಿ ಎಂದು ಹಟ ಹಿಡಿದರು. ನಾನು ಬಿಡಿಭಾಗ ಎಲ್ಲಿ ಸಿಕ್ಕೀತು, ಕಚೇರಿಯವರು ಏನಂದಾರು ಎಂದು ಮತ್ತೆ ಅದೇ ಗಾಣಕ್ಕೆ ನನ್ನನ್ನು ಕಟ್ಟಿಕೊಂಡೆ. ಮೂಲೆಯ ಸ್ಟೂಲಿನ ಮೇಲೆ ಕುಂತಿದ್ದ ಶಾಂತವ್ವ ಆಗ ಬಾಯಿ ಬಿಟ್ಟಳು.

"ಅಲ್ರೀ, ಆ ಕಂಪನಿಯವ್ರಿಗೆ ಎಂಥಾ ಬಂದೂಕು ಬೇಕಂತ ಯಾರರ ಕೇಳೀರೇನು?"

ನಾನು ಹವಾಲ್ದಾರರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮಾವನನ್ನು ಕೇಳಿದ್ದರು, ವಿಡಿಯೋದವರನ್ನು ಕೇಳಿದ್ದರು, ನಾನು ಮೂರು ಮೇಜು ಸುತ್ತಿ ಬಂದಿದ್ದೆ. ಕೆಲಸ ಕೊಡುವವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಫೋನ್ ಹಚ್ಚಿದರೆ ಕಂಪನಿಯ ಭದ್ರತಾ ಅಧಿಕಾರಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಹನ್ನೆರಡು ಬೋರಿನ ಜೋಡು ನಳಿಗೆ ಬಂದೂಕು ಮಾತ್ರ, ರೈಫಲ್ ತಂದರೆ ಗಾಡಿ ಹತ್ತಿಸುವುದಿಲ್ಲ. ರೈಫಲ್ ಗುಂಡು ಬಹು ದೂರ ಹೋಗುತ್ತದೆ, ಸಂತೆಯ ಗದ್ದಲದಲ್ಲಿ ಯಾರಿಗೆ ತಗುಲೀತೋ ಹೇಳಲಾಗದು. ಅದೇ ಮಾತು ಶೇಂಗಾ ಹೊಲಕ್ಕೂ ಅನ್ವಯಿಸುತ್ತಿತ್ತು. ಹಂದಿಗೆಂದು ಹಾರಿಸಿದ್ದು ಆಚೆ ಹೊಲದಲ್ಲಿ ಕಳೆ ತೆಗೆಯುವವರತ್ತ ಹೋದರೆ ಗತಿ? ಜೋಡು ನಳಿಗೆಯದಾದರೆ ಸೀಸದ ಸಣ್ಣ ಚರೆಗುಂಡು ಹತ್ತಿರವೇ ಉದುರುತ್ತದೆ, ಸಪ್ಪಳವೂ ದೊಡ್ಡದು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೆಮಿ-ಆಟೋಮ್ಯಾಟಿಕ್ ಎಂಬ ಮಾತಿನ ಹಿಂದೆ ಬಿದ್ದು ಇಬ್ಬರಿಗೂ ಮಂಕು ಕವಿದಿತ್ತು.

ಕಪಾಟಿನಲ್ಲಿ ಮುಂಡರಗಿ ಕಡೆಯ ರೈತರೊಬ್ಬರು ಮಾರಲು ಇಟ್ಟ ಹಳೆಯ ಜೋಡು ನಳಿಗೆಯಿತ್ತು, ರೈಫಲ್ಲಿಗಿಂತ ಅಗ್ಗ. ಫಕ್ಕೀರಪ್ಪನವರು ಅದನ್ನು ಹಿಡಿದು, "ಇದು ಗೌಡ್ರ ಮನಿ ಗ್ವಾಡಿ ಮ್ಯಾಲಿನ ಬಂದೂಕರಿ. ಇಷ್ಟು ವರ್ಷ ಸೇವಾ ಮಾಡಿ ಇದನ್ನ ಹಿಡೀಬೇಕನ?" ಎಂದರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು, ನನಗೂ ಕೆಡುಕೆನಿಸಿತು. ಅವರು ಶಾಂತವ್ವನತ್ತ ಒಮ್ಮೆ ನೋಡಿ, ಆತು, ಕಾಗದ ಮಾಡ್ರಿ ಎಂದರು. ಗಡುವಿನೊಳಗೆ ಬಂದೂಕು ಲೈಸೆನ್ಸ್‌ಗೆ ಏರಿತು.

ಅಲ್ಲಿಂದ ಅಂಗಡಿ ಮುಚ್ಚುವವರೆಗೂ ಗಿರಾಕಿ ಯಾವ ಬಂದೂಕು ಬೇಕೆಂದು ಹೇಳುವ ಮೊದಲೇ, ಯಾಕೆ ಬೇಕು, ಯಾರಿಗಾಗಿ ಬೇಕು ಎಂದು ಕೇಳುವ ರೂಢಿ ಇಟ್ಟುಕೊಂಡೆ. ಇದಕ್ಕೆ ಕೆಲವರು ಸಿಟ್ಟಾಗಿ ಎದ್ದು ಹೋದದ್ದೂ ಉಂಟು.

ಮರುವರ್ಷ ಮಹಾನವಮಿಗೆ ಫಕ್ಕೀರಪ್ಪನವರು ನನ್ನನ್ನು ಅಡರಕಟ್ಟಿಗೆ ಕರೆದಿದ್ದರು. ಕಂಬಳಿಯ ಮೇಲೆ ಕುಡಗೋಲು, ಕಳೆ ತೆಗೆಯುವ ಕುರ್ಚಿಗಿ ಇಟ್ಟು ಪೂಜೆ ಮಾಡಿದ್ದರು. ಬಂದೂಕಿನ ಕಟ್ಟಿಗೆಯ ಹಿಡಿಗೆ ಒಂದೇ ಬೊಟ್ಟು, ಕಬ್ಬಿಣಕ್ಕೆ ಏನೂ ತಾಗಿಸಿರಲಿಲ್ಲ. ಅದರ ಪಕ್ಕದಲ್ಲಿ ಸ್ಟೀಲಿನ ಊಟದ ಡಬ್ಬಿಯೊಂದಿತ್ತು, ಮೈತುಂಬ ಅರಿಶಿನ, ಕುಂಕುಮ, ಮೇಲೊಂದು ಚೆಂಡು ಹೂವು. ಇದ್ಯಾವ ಆಯುಧವವ್ವಾ ಎಂದು ಕಾಡಿಸಿದೆ.

ಶಾಂತವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಅವ್ರ ಆಯುಧ ಅದು, ನಂದು ಇದರಿ. ದಿನಾ ಮುಂಜಾನೆ ತುಂಬಿ ಕೊಡ್ತೀನಿ, ಸಂಜೀಕ ಖಾಲಿ ಆಗಿ ಮನಿಗೆ ಬರ್ತೈತಿ."