ಹುಸೇನನ ದೋಣಿಯಲ್ಲಿ ನಾನು ಬಿಗಿದ ಗಂಟು

ರೆಹಾನಾ ಭಾಬಿ, ಅವತ್ತು ಹಾಯಿಯ ಹಗ್ಗ ಕಟ್ಟಿದವನು ನಾನು. ನಿಮ್ಮ ಗಂಡ ಹುಸೇನ್ ಅಲ್ಲ. ದೋಣಿ ಮಗುಚಿದ್ದೂ ನೀವು ನೀರಿನಡಿ ಸಿಕ್ಕಿಕೊಂಡದ್ದೂ ನನ್ನಿಂದ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾದವು— ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವಾಡಿಯಲ್ಲಿ ಹುಸೇನನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನು ರೈಲ್ವೆಯಲ್ಲಿ ಫಿಟ್ಟರ್, ನಾನು ಸಿಮೆಂಟ್ ಕಾರ್ಖಾನೆಯ ಗುಮಾಸ್ತ. ಸೇಡಂ ದಾಟಿ, ಚಿಂಚೋಳಿ ಆಚೆಯ ಹಿನ್ನೀರಿಗೆ ನಾವು ಹೋಗುತ್ತಿದ್ದುದು ಬೇಸಿಗೆಯ ಭಾನುವಾರಗಳಲ್ಲಿ. ಮಳೆಗಾಲದ ಹಸಿರು ನೋಡಲು ಮುಗಿಬೀಳುವ ಜನ ಆಗ ಇರುವುದಿಲ್ಲ. ನೀರು ಇಳಿದು ಅಲ್ಲಲ್ಲಿ ನಡುಗಡ್ಡೆಗಳು ತಲೆ ಎತ್ತುತ್ತವೆ. ಹುಸೇನ್ ತನ್ನ ಕೈಯಾರೆ ಮಾಡಿದ ದೋಣಿ. ತಾಡಪತ್ರಿ ಹೊಲಿದ ಹಾಯಿ. ಶಹಾಬಾದ್ ಕಲ್ಲಿನ ತುಂಡೇ ಲಂಗರು. ಯಾವುದಾದರೊಂದು ನಡುಗಡ್ಡೆಯ ಮಗ್ಗುಲಲ್ಲಿ ಅದನ್ನು ಇಳಿಬಿಟ್ಟು, ರೊಟ್ಟಿ-ಪುಂಡಿಪಲ್ಯ ತಿಂದು, ಮಾತಿಲ್ಲದೆ ಮಲಗಿ ಬರುತ್ತಿದ್ದೆವು. ಅವನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಅವನದು ಒಂದೇ ಕಟ್ಟಪ್ಪಣೆ. "ಹಗ್ಗ ಕೈಯಾಗೇ ಇರ್ಲಿ, ಕಟ್ಟಬ್ಯಾಡ. ಗಾಳಿ ಜೋರ್ ಬಂದ್ರ ಬಿಟ್ಟುಬಿಡು." ಬಿಟ್ಟರೆ ಹಾಯಿ ಸಡಿಲಾಗುತ್ತದೆ, ದೋಣಿ ವಾಲುವುದಿಲ್ಲ.

ಅವನ ಒತ್ತಾಯಕ್ಕೆ ನೀವು ಮೊದಲ ಸಲ ಬಂದಿರಿ. ಹಗ್ಗ ನನ್ನ ಕೈಗೆ ಕೊಟ್ಟು ಅವನು ಹಿಂದೆ ಚುಕ್ಕಾಣಿ ಹಿಡಿದ. ನನ್ನ ಅಂಗೈ ಉರಿಯುತ್ತಿತ್ತು— ಅಲ್ಲ, ಈಗಲಾದರೂ ಸುಳ್ಳು ಬೇಡ. ಮೊಬೈಲಿನಲ್ಲಿ ನನ್ನದೇ ಫೋಟೊ ತೆಗೆದುಕೊಳ್ಳಬೇಕಿತ್ತು. ನೀವಿಬ್ಬರೂ ನೀರಿನತ್ತ ನೋಡುತ್ತಿದ್ದಾಗ ಹಗ್ಗವನ್ನು ದೋಣಿಯ ಅಂಚಿನ ಕೊಕ್ಕೆಗೆ ಬಿಗಿದೆ. ಅಷ್ಟರಲ್ಲಿ ಗಾಳಿ ಬಂತು. ಗಂಟು ಬಿಚ್ಚಲು ಬರಲಿಲ್ಲ.

ಹಾಯಿಯ ಕೆಳಗಿನಿಂದ ನಿಮ್ಮನ್ನು ಎಳೆದು ತಂದವನು ಅವನು. ನಾನು ಮಗುಚಿದ ದೋಣಿಯ ಅಂಚು ಹಿಡಿದು ನೋಡುತ್ತಿದ್ದೆ.

ದೋಣಿಯನ್ನು ದಂಡೆಗೆ ಎಳೆದಾಗ ಗಂಟು ಹಾಗೇ ಇತ್ತು. "ಇದನ್ನ ಯಾರ್ ಕಟ್ಟ್ಯಾರ?" ಎಂದ ಹುಸೇನ್. ನೀವು ಕೆಮ್ಮುತ್ತಲೇ ನನ್ನತ್ತ ನೋಡಿದಿರಿ.

"ನೀನೇ ಕಟ್ಟಿ ನನಗ ಕೊಟ್ಟಿಯಲ್ಲೋ. ಮರ್ತಿ ನೋಡು," ಎಂದೆ.

ಅವನು ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ. "ಹೌದೇನ... ಕಟ್ಟಿರಬೇಕು ಬಿಡು."

ನಂಬಿಬಿಟ್ಟ, ಭಾಬಿ. ನೀವೂ ನಂಬಿದಿರಿ. ದೋಣಿಯನ್ನು ಅವನು ಅಲ್ಲೇ ಸೌದೆಗೆ ಕೊಟ್ಟು ಬಂದ. ಅಂದಿನಿಂದ ನೀವು ಅವನ ಬೈಕಿನ ಮೇಲೆ ಕೂತಿಲ್ಲ— ಬಜಾರಿಗೆ ನೀವು ಆಟೊದಲ್ಲಿ, ಅವನು ಹಿಂದೆ ಹಿಂದೆ ಗಾಡಿಯಲ್ಲಿ. ಅದನ್ನು ನಾನು ನಮ್ಮ ಕಟ್ಟೆಯ ಮೇಲೆ ಕೂತು ನೋಡಿದ್ದೇನೆ.

ಒಂದು ರಂಜಾನ್ ಹಬ್ಬದ ದಿನ, ನಿಮ್ಮ ಮನೆಯಲ್ಲೇ, ಅವನು ನನ್ನ ಕಿವಿಯಲ್ಲಿ ಹೇಳಿದ. "ಡ್ಯೂಟ್ಯಾಗ ಬಿಗಿದ ನಟ್ಟನ್ನೇ ತಿರುಗಿ ತಿರುಗಿ ನೋಡಾಕತ್ತೀನೋ. ನನ್ನ ಕೈಮ್ಯಾಲ ನನಗ ಭರೋಸಾ ಉಳದಿಲ್ಲ."

"ವಯಸ್ಸಾತು ಬಿಡು, ಎಲ್ಲಾರಿಗೂ ಆಗ್ತದ," ಎಂದು ಅವನ ಬೆನ್ನು ತಟ್ಟಿದೆ. ನೀವು ಕೊಟ್ಟ ಶೀರ್‌ಕುರ್ಮಾ ಪಾಯಸ ಬಾಯಲ್ಲಿತ್ತು. ನುಂಗಿದೆ. ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡೆ. ಎಂಥ ಮನುಷ್ಯ ನಾನು...

ಹೆದರಿದ್ದೆ ಎನ್ನಬಹುದು. ಹೆದರಿಕೆ ದೋಣಿ ಮಗುಚಿದ ಆ ಸಂಜೆಯದು. ಆಮೇಲಿನದೆಲ್ಲ ಹೊಲಸು.

ನಾಳೆ ಅವನು ಡ್ಯೂಟಿಗೆ ಹೊರಡುವ ಮೊದಲು ನಿಮ್ಮ ಬಾಗಿಲಿಗೆ ಬರುತ್ತೇನೆ. ನಿಮ್ಮ ಎದುರಿಗೇ ಅವನಿಗೆ ಇದನ್ನು ಹೇಳುತ್ತೇನೆ. ನೀವು ಎಂದಿನಂತೆ "ಕುಂದ್ರಿ ಭಾಯಿ" ಎನ್ನಬೇಡಿ. ನಿಂತೇ ಹೇಳುತ್ತೇನೆ.