ಶಾಣ್ಯಾಕಿ ಅನ್ನಬಾರದ ಮಗಳು

ನನ್ನ ಮಗಳಿಗೆ ನಾವು ತಿಪ್ಪೆಯ ಹೆಸರಿಟ್ಟಿದ್ದೆವು. ಅವಳಿಗಿಂತ ಮೊದಲು ಎರಡು ಮಕ್ಕಳು ಹೋಗಿದ್ದವು. ಇವಳು ಹುಟ್ಟಿದ ಮೇಲೆ ನನ್ನ ಅತ್ತೆ ಇವಳನ್ನು ಹಳೆಯ ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, "ಯಾರೋ ಚೆಲ್ಲಿ ಹೋಗ್ಯಾರು, ಇದನ್ನ ತಗೊಂಡು ನಾವೇನ ಮಾಡೂದು" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಆಮೇಲೆ ಎತ್ತಿಕೊಂಡು ಒಳಗೆ ತಂದರು. ಬೇಡವಾದ ಕೂಸನ್ನು ಸಾವೂ ಕಣ್ಣೆತ್ತಿ ನೋಡುವುದಿಲ್ಲ ಎಂಬ ನಂಬಿಕೆ. ಕೂಸು ಉಳಿಯಿತು. ಉಳಿದದ್ದು ತಿಪ್ಪೆಯಿಂದಲೇ ಎಂದು ಅತ್ತೆ ಕೊನೆಯವರೆಗೂ ನಂಬಿದ್ದರು.

ಮೊದಲ ಎರಡರಲ್ಲಿ ಒಂದು ಗಂಡು. ಬೇಗ ಮಾತು ಕಲಿತಿದ್ದ. ಮನೆಗೆ ಬಂದ ನೆಂಟರೊಬ್ಬರು, "ಏನ ಶಾಣ್ಯಾ ಕೂಸವ್ವಾ ಇದು!" ಎಂದು ಬಾಯಿತುಂಬ ಹೊಗಳಿ ಹೋದ ವಾರದಲ್ಲೇ ಜ್ವರ ಬಂದು ಹೋಗಿಬಿಟ್ಟ. ಜ್ವರ ಹೊಗಳಿಕೆಯಿಂದ ಬರುವುದಿಲ್ಲ ಎನ್ನುವಷ್ಟು ತಿಳಿವಳಿಕೆ ನನಗಿತ್ತು. ಹುಕ್ಕೇರಿಯ ತವರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಐದನೆಯದಕ್ಕೆ ಹೋಗುವ ಹೊತ್ತಿಗೆ ಮೂಡಲಗಿಗೆ ಕೊಟ್ಟು ಮದುವೆ ಮಾಡಿದರು. ಅಷ್ಟಕ್ಕೇ ನನ್ನ ವಿದ್ಯೆಗೆ ಮಂಗಳಾರತಿ.

ಆ ಮಗ ಹೋದಂದಿನಿಂದ ನಮ್ಮ ಮನೆಯಲ್ಲಿ ಜಾಣ ಎನ್ನುವ 'ಶಾಣ್ಯಾ' ಎಂಬ ಮಾತಿಗೆ ಬಹಿಷ್ಕಾರ. ಮಗಳನ್ನು ಅತ್ತೆ ಕರೆಯುತ್ತಿದ್ದದ್ದು 'ದಡ್ಡಿ' ಎಂದೇ. ಏ ದಡ್ಡಿ, ಉಣ್ಣಾಕ ಬಾ. ದಡ್ಡಿ, ತಲಿ ಹಿಕ್ಕೋ. ಆ ಪದದಷ್ಟು ಮುದ್ದಿನ ಪದ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಹುಡುಗಿಯಂತೂ ನಮ್ಮವರ ಕಾಳಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೆಲ್ಲ ಯಾರೂ ಕಲಿಸದೆ ಕಲಿತುಬಿಟ್ಟಿದ್ದಳು. ಗಿರಾಕಿ ಚೀಲ ಬಿಚ್ಚುವ ಮೊದಲೇ ಲೆಕ್ಕ ಅವಳ ಬಾಯಲ್ಲಿ ಇರುತ್ತಿತ್ತು. ಆದರೆ ಹೊರಗಿನವರು ಬಂದರೆ ಅಜ್ಜಿ ಮೊಮ್ಮಗಳ ನಡುವೆ ಒಂದು ಆಟ ನಡೆಯುತ್ತಿತ್ತು. "ಇದಕೇನ ಬರತೈತ್ರಿ, ಶುದ್ಧ ದಡ್ಡಿ" ಎಂದು ಅಜ್ಜಿ ಅನ್ನಬೇಕು. ಹುಡುಗಿ ತಲೆ ತಗ್ಗಿಸಿ ನಿಲ್ಲಬೇಕು. ಬಂದವರು, "ಏನವ್ವಾ, ನಾಕೂ ಮೂರೂ ಎಷ್ಟು?" ಎಂದರೆ ಬೇಕಂತಲೇ ತಪ್ಪು ಹೇಳಬೇಕು. ಅವರು ಹೋದ ಮೇಲೆ ಇಬ್ಬರೂ ಅಡಿಗೆಮನೆಗೆ ಬಂದು ಬಿದ್ದುಬಿದ್ದು ನಗುವರು, ಹುಡುಗಿಯ ಬಾಯಿಗೆ ಒಂದು ಬೆಲ್ಲದ ಚೂರು ಬೀಳುವುದು. ನೆದರು ತಪ್ಪಿತು, ಕೆಟ್ಟ ದೃಷ್ಟಿ ತಾಗಲಿಲ್ಲ ಎಂದು ಅತ್ತೆಗೆ ಸಮಾಧಾನ.

ಎರಡನೆಯ ಮಹಾಯುದ್ಧ ನಡೆದಿದ್ದ ದಿನಗಳವು. ಬೆಳಗಾವಿಯ ಒಂದು ಹೆಣ್ಣುಮಕ್ಕಳ ಸಾಲಿಯವರು ತಾಲೂಕಿಗೊಬ್ಬ ಜಾಣ ಹುಡುಗಿಯನ್ನು ಆರಿಸಿ, ಊಟ, ಬಟ್ಟೆ, ಪುಸ್ತಕ ಎಲ್ಲ ತಾವೇ ಕೊಟ್ಟು ಮ್ಯಾಟ್ರಿಕ್ಕಿನವರೆಗೆ ಓದಿಸುತ್ತಾರೆ ಎಂದು ಮೂಡಲಗಿಯ ಮಾಸ್ತರರು ಬಂದು ಹೇಳಿದರು. ಗೋಕಾವಿಯಲ್ಲಿ ಪರೀಕ್ಷೆ. ನಮ್ಮವರು ಹಿಂದೆ ಮುಂದೆ ನೋಡುತ್ತಿದ್ದಾಗ ಅತ್ತೆಯೇ, "ಗಾಡಿ ಹೂಡಪಾ" ಅಂದರು. ಅವರಿಗೆ ಮೊಮ್ಮಗಳು ಓದಬೇಕೆಂಬ ಆಸೆ ನನಗಿಂತ ಹೆಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಅವರನ್ನು ಬಯ್ಯುತ್ತಾರೆ.

ಹುಡುಗಿ ಪರೀಕ್ಷೆ ಬರೆದು ಬಂದಳು. "ಹೆಂಗಾತ?" ಎಂದು ಕೇಳಿದೆ. "ಎಲ್ಲಾ ಬಂದೂವ ಯವ್ವಾ" ಎಂದು ಬಾಯಿ ಮುಚ್ಚಿಕೊಂಡು ಅಜ್ಜಿಯ ಕಡೆ ನೋಡಿದಳು. ಅತ್ತೆ ತಡಮಾಡದೆ ಅವಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಸ್ವಲ್ಪ ದಿನಕ್ಕೆ ಬೆಳಗಾವಿಯ ಆ ಸಾಲಿಯ ಮುಖ್ಯ ಶಿಕ್ಷಕಿ, ದೊಡ್ಡಕ್ಕೋರು, ತಾವೇ ನಮ್ಮ ಮನೆಗೆ ಬಂದರು. ಮಂಗಳೂರು ಕಡೆಯ ಹೆಣ್ಣುಮಗಳು, ಬಿಳಿ ಸೀರೆ, ಕಾಲಲ್ಲಿ ಬೂಟು. ನಮ್ಮ ಮಾಸ್ತರರು ಜೊತೆಗಿದ್ದರು. ಕಂಬಳಿ ಹಾಸಿ ಕೂಡಿಸಿದೆವು. ಹುಡುಗಿಗೆ ಬಂದ ಅಂಕಗಳು ಎಷ್ಟೆಂದರೆ, ಅದನ್ನು ಅವಳೇ ಬರೆದದ್ದೋ ಪಕ್ಕದವರದ್ದನ್ನು ನೋಡಿ ಬರೆದದ್ದೋ ಎಂದು ಬೆಳಗಾವಿಯಲ್ಲಿ ಸಂಶಯ ಬಂದಿತ್ತಂತೆ. ಅದನ್ನು ತಿಳಿದುಕೊಂಡು ಹೋಗಲು ಅವರು ಬಂದಿದ್ದರು. ಅದನ್ನು ಮಾಸ್ತರರು ನಮಗೆ ಹೇಳಿದ್ದು ಆಮೇಲೆ, ಎಲ್ಲ ಮುಗಿದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮನೆಯ ಹಿರಿಯರೆಂದರೆ ಅತ್ತೆ. ಅವರು ಕುಳಿತಿರುವಾಗ ಮಗನಾದರೂ ತನ್ನ ಮಗಳ ಮಾತು ಎತ್ತುವ ಹಾಗಿಲ್ಲ. ನಾನಂತೂ ಅಡಿಗೆಮನೆಯ ಬಾಗಿಲ ಹಿಂದೆ.

"ನಿಮ್ಮ ಮೊಮ್ಮಗಳು ಬಹಳ ಬುದ್ಧಿವಂತೆಯಂತೆ, ಅಜ್ಜಿ?" ಎಂದು ದೊಡ್ಡಕ್ಕೋರು ನಗುತ್ತಾ ಕೇಳಿದರು.

"ಎಲ್ಲೀದ್ರಿ ಅಕ್ಕೋರ, ಇದಕೇನೂ ಬರಂಗಿಲ್ಲ. ಶುದ್ಧ ದಡ್ಡಿ. ಬಾಜೂದಾಕಿ ಬರದಿದ್ದ ನೋಡಿ ಬರದಿರಬೇಕ್ರಿ" ಎಂದರು ಅತ್ತೆ, ದೊಡ್ಡ ಸಂತೋಷದಿಂದ.

ದೊಡ್ಡಕ್ಕೋರ ನಗು ನಿಂತಿತು. ಹುಡುಗಿಯನ್ನು ಹತ್ತಿರ ಕರೆದು ಒಂದು ಲೆಕ್ಕ ಕೇಳಿದರು. ಅಂಗಡಿಯಲ್ಲಿ ದಿನಾ ಮಾಡುವಂಥದ್ದು, ಕಣ್ಣು ಮುಚ್ಚಿ ಹೇಳುವಂಥದ್ದು. ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಹುಬ್ಬು ಹಾರಿಸಿದರು. ಹುಡುಗಿ ತಲೆ ತಗ್ಗಿಸಿ ತಪ್ಪು ಉತ್ತರ ಹೇಳಿದಳು. ಇನ್ನೊಂದು ಕೇಳಿದರು. ಅದೂ ತಪ್ಪು. ನಾನು ಬಾಗಿಲ ಹಿಂದಿನಿಂದ ಬಳೆ ಸದ್ದು ಮಾಡಿದೆ, ಇನ್ನೊಮ್ಮೆ ಜೋರಾಗಿ ಮಾಡಿದೆ. ನಮ್ಮವರು ಹೇಗೋ ಧೈರ್ಯ ಮಾಡಿ, "ಹಂಗಲ್ರಿ, ಅಕಿಗೆ ಬರತೈತ್ರಿ" ಅಂದರು. "ಎಲ್ಲ ತಂದೆಯರೂ ಹಾಗೇ ಹೇಳುತ್ತಾರೆ" ಎಂದು ದೊಡ್ಡಕ್ಕೋರು ಮೆಲ್ಲನೆ ಹೇಳಿ ಎದ್ದರು. ಅವರ ಊರಲ್ಲೂ ಮಕ್ಕಳಿಗೆ ದೃಷ್ಟಿ ತಾಗುತ್ತಿದ್ದೀತು. ಆದರೆ ಅಜ್ಜಿಯ ಬಾಯಿಂದ ಬಂದದ್ದನ್ನು ತಿರುಗಿಸಿ ಓದಬೇಕೆಂದು ಅವರಿಗೆ ಯಾರು ಹೇಳಬೇಕಿತ್ತು?

ಅವರು ಹೋದ ಮೇಲೆ ಅಜ್ಜಿ ಮೊಮ್ಮಗಳು ಅಡಿಗೆಮನೆಗೆ ಬಂದು ನಕ್ಕರು. ಬೆಲ್ಲದ ಚೂರೂ ಬಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದಾಗ ಕೈ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಮಾಸ್ತರರು ಮರುದಿನ ಬಂದು ನಿಜ ಹೇಳಿದರು. ನಮ್ಮವರು ಅದನ್ನು ತಾಯಿಗೆ ಹೇಳಲಿಲ್ಲ. "ಮುದುಕಿ ಎದಿ ಒಡಕೋತೈತಿ, ಸುಮ್ಮನಿರು" ಎಂದು ನನಗೂ ಹೇಳಿದರು. ಅತ್ತೆ ಅದೇ ಹೊತ್ತಿಗೆ ತಮ್ಮ ಹಳೆಯ ಸೀರೆಗಳನ್ನೆಲ್ಲ ಹರಿದು ಪಡಸಾಲೆಯಲ್ಲಿ ಹರವಿಕೊಂಡು, ಬೆಳಗಾವಿಯಲ್ಲಿ ಥಂಡಿ ಬಹಳ ಎಂದು ಮೊಮ್ಮಗಳಿಗೆ ಕೌದಿ ಹೊಲಿಯಲು ಕುಳಿತಿದ್ದರು. ದಾರ ಪೋಣಿಸಲು ಕಣ್ಣು ಸಾಲದು. ಗಳಿಗೆಗೊಮ್ಮೆ ಸೂಜಿ ಹಿಡಿದು ನನ್ನ ಹತ್ತಿರ ಬರುವರು. ನಾನು ಪೋಣಿಸಿ ಕೊಡುವೆ. ಹೀಗೆ ಮೂಲೆಯಿಂದ ಮೂಲೆಗೆ ಹೊಲಿಗೆ ಹೋಗುವುದನ್ನು ನೋಡುತ್ತಾ ಇದ್ದವಳು ಒಂದು ದಿನ ಸೂಜಿ ಕೆಳಗಿಟ್ಟು ಹೇಳಿಯೇಬಿಟ್ಟೆ.

"ಅತ್ತಿ, ನೀವ ಅಂದಿದ್ದನ್ನ ಅವರು ಖರೆ ಅಂತ ತಿಳಕೊಂಡಾರ. ಹುಡುಗಿ ನೋಡಿ ಬರದಾಳ ಅಂತ ತಿಳಕೊಂಡಾರ."

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಖರೆ ಅಂತ ಹೆಂಗ ತಿಳಕೋತಾರ? ತಮ್ಮ ಕೂಸನ್ನ ಯಾರರ ಶಾಣ್ಯಾ ಅಂತಾರೇನ?" ಎಂದರು. ಆಮೇಲೆ ಹೊಲಿಯುತ್ತಿದ್ದ ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟರು.

ತಾಲೂಕುಗಳನ್ನು ಸುತ್ತುತ್ತಿದ್ದ ದೊಡ್ಡಕ್ಕೋರು ಬೆಳಗಾವಿಗೆ ಮರಳುವ ಮೊದಲು ಹುಕ್ಕೇರಿಯ ಸಾಲಿಗೆ ಬರುತ್ತಾರೆ ಎಂದು ಮಾಸ್ತರರಿಂದ ತಿಳಿಯಿತು. ಅತ್ತೆ ನನ್ನನ್ನು ಕರೆದುಕೊಂಡು ಹೊರಟೇಬಿಟ್ಟರು. ಗೋಕಾವಿಯವರೆಗೆ ಗಾಡಿ, ಅಲ್ಲಿಂದ ಇದ್ದಿಲ ಹೊಗೆಯಲ್ಲಿ ಓಡುವ ಆಗಿನ ಮೋಟಾರು. ಅದು ಏರು ಬಂದಲ್ಲೆಲ್ಲ ನಿಲ್ಲುವುದು, ಗಂಡಸರು ಇಳಿದು ನೂಕುವರು. ದಾರಿಯುದ್ದಕ್ಕೂ ಅತ್ತೆಯ ತುಟಿ ಅಲುಗುತ್ತಿತ್ತು. ದೇವರ ನಾಮ ಎಂದುಕೊಂಡಿದ್ದೆ. ಕಿವಿಗೊಟ್ಟರೆ, "ನನ್ನ ಮೊಮ್ಮಗಳು... ನನ್ನ ಮೊಮ್ಮಗಳು..." ಎಂದು ಬಾಯಿಪಾಠ ಮಾಡುತ್ತಿದ್ದರು. ಮುಂದಿನ ಪದ ಹೊರಗೆ ಬರುತ್ತಿರಲಿಲ್ಲ.

ದೊಡ್ಡಕ್ಕೋರು ಸಾಲಿಯ ಪಡಸಾಲೆಯಲ್ಲಿ ನಮ್ಮನ್ನು ಕೂಡಿಸಿದರು. ನಾನೇ ಬಾಯಿ ಬಿಟ್ಟೆ. "ಅಕಿ ಬರದಿದ್ದು ಅಕಿದ ಐತ್ರಿ. ಯಾರದೂ ನೋಡಿಲ್ರಿ. ನಮ್ಮ ಕಡೆ ಮಕ್ಕಳನ್ನ ಹಂಗ ಅನ್ನೂ ಪದ್ಧತಿ ಐತ್ರಿ" ಎಂದೆ.

ಅವರು ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಅಂದು ಹೇಳಿದವರು ನೀವು. ಕಾಗದಗಳನ್ನು ಆಗಲೇ ಬೆಳಗಾವಿಗೆ ಕಳಿಸಿಯಾಗಿದೆ. ನೀವು ಈಗ ಒಂದು ಮಾತು ಹೇಳಿ, ಅದನ್ನೂ ಬರೆದು ಕಳಿಸುತ್ತೇನೆ. ಹುಡುಗಿ ಜಾಣೆ ಹೌದೋ ಅಲ್ಲವೋ?"

ಅತ್ತೆ ಸೆರಗು ಸರಿಮಾಡಿಕೊಂಡರು. "ನನ್ನ ಮೊಮ್ಮಗಳು..." ಎಂದರು. ನಿಂತರು. ಮತ್ತೆ "ನನ್ನ ಮೊಮ್ಮಗಳು..." ಎಂದರು. ಕೊನೆಗೆ ಕೈ ಮುಗಿದು, "ಕೂಸು ಐತ್ರಿ ಅದು. ಬದುಕಿರಲ್ರಿ" ಎಂದುಬಿಟ್ಟರು.

ದೊಡ್ಡಕ್ಕೋರು ಅವರ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು. ಒಳ್ಳೆಯ ಹೆಣ್ಣುಮಗಳು. ನಾನು ಹೇಳಿದ್ದನ್ನು ಬರೆದು ಕಳಿಸುವುದಾಗಿ ಮಾತು ಕೊಟ್ಟರು, ತೀರ್ಮಾನ ಮಾಡುವವರು ತಾವಲ್ಲ ಎಂದೂ ಹೇಳಿದರು. ಮರಳುವಾಗ ಮೋಟಾರಿನಲ್ಲಿ ಅತ್ತೆ, "ನಾಲಗಿ ಹೊಳ್ಳಲಿಲ್ಲವ್ವಾ" ಎಂದು ಒಮ್ಮೆ ಅಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ತವರೂರಿಗೆ ಹೋಗಿ ತವರುಮನೆಯ ಹೊಸ್ತಿಲು ತುಳಿಯದೆ ಬಂದದ್ದು ಅದೊಂದೇ ಸಲ.

ಆಮೇಲೆ ಕಾಯುವುದು. ಟಪಾಲಿನವನು ಓಣಿಯ ತುದಿಯಲ್ಲಿ ಕಂಡರೆ ಮೊದಮೊದಲು ನಮ್ಮವರು ಅಂಗಡಿಯಿಂದ ಇಳಿದು ಬರುತ್ತಿದ್ದರು. ಆಮೇಲೆ ತಕ್ಕಡಿ ಹಿಡಿದಲ್ಲಿಂದಲೇ ನೋಡುವರು. ಆಮೇಲೆ ನೋಡುವುದನ್ನೂ ಬಿಟ್ಟರು. ನಾವು ಗಂಡ ಹೆಂಡತಿ ಆ ವಿಷಯ ಮಾತಾಡುತ್ತಿರಲಿಲ್ಲ. ಜೋಳ ಹಸನು ಮಾಡುವುದು, ನೀರು ತರುವುದು, ಹಬ್ಬ ಬಂದರೆ ಹೋಳಿಗೆ ಮಾಡುವುದು, ಎಲ್ಲ ನಡೆದೇ ಇತ್ತು. ಹೋಳಿಗೆಗೆ ರುಚಿ ಇತ್ತೋ ಇಲ್ಲವೋ ನೆನಪಿಲ್ಲ. ಹುಡುಗಿ ಮಾತ್ರ ದಿನಾ ಸಂಜೆ, "ಬಂತೇನ ಯವ್ವಾ?" ಎಂದು ಕೇಳುವಳು. "ಇಲ್ಲ" ಎಂದರೆ ಆಡಲು ಓಡುವಳು. ತಾನು ಹೇಳಿದ ತಪ್ಪು ಉತ್ತರಕ್ಕೂ ಬಾರದ ಕಾಗದಕ್ಕೂ ಸಂಬಂಧ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅತ್ತೆಯ ಕೌದಿ ಅರ್ಧಕ್ಕೆ ನಿಂತಿತ್ತು. ಸೂಜಿ ಹಿಡಿದು ಅವರು ನನ್ನ ಹತ್ತಿರ ಬರುವುದನ್ನು ಬಿಟ್ಟಿದ್ದರು.

ಮುಂಗಾರು ಬಿತ್ತನೆಯ ಹೊತ್ತಿಗೆ ಕಾರ್ಡು ಬಂತು. ನಮ್ಮವರು ಅಂಗಡಿಯಲ್ಲೇ ಓದಿ, ಒಳಗೆ ಬಂದು ನನ್ನ ಕೈಯಲ್ಲಿಟ್ಟು, ಮತ್ತೆ ಅಂಗಡಿಗೆ ಹೋದರು. ಎರಡೇ ಸಾಲು. ಜಾಗವನ್ನು ಬೇರೊಬ್ಬ ಹುಡುಗಿಗೆ ಕೊಡಲಾಗಿದೆ. ನಾನು ಎರಡು ಸಲ ಓದಿದೆ.

"ಏನ ಬರದಾರವ್ವಾ?" ಎಂದರು ಅತ್ತೆ.

"ಇಲ್ಲಂತ."

ಅವರು ತಲೆದೂಗಿದರು. "ಹೋಗಲಿ ಬಿಡು. ದಡ್ಡಿ ಕಣ್ಮುಂದರ ಇರತೈತಿ" ಎಂದರು.

ಅಷ್ಟು ದಿನ ಎಲ್ಲಿ ಅಡಗಿತ್ತೋ, ಆ ಒಂದು ಪದಕ್ಕೆ ನನ್ನ ಮೈಯೆಲ್ಲ ಹೊತ್ತಿಕೊಂಡಿತು. ಅಂಗಳಕ್ಕೆ ಬಂದು ನಿಂತೆ. ಆಚೆ ಮನೆಯವರು ಕಾಳು ಆರಹಾಕುತ್ತಿದ್ದರು, ಓಣಿಯಲ್ಲಿ ಜನ ಇದ್ದರು. "ನನ್ನ ಮಗಳು ದಡ್ಡಿ ಅಲ್ಲ" ಎಂದೆ. ದನಿ ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ. "ನನ್ನ ಮಗಳು ಶಾಣ್ಯಾಕಿ ಅದಾಳ. ಈ ತಾಲೂಕಿನಾಗ ಅಕಿಯಂಥಾ ಶಾಣ್ಯಾಕಿ ಇನ್ನೊಬ್ಬಾಕಿ ಇಲ್ಲ. ಎಲ್ಲಾರೂ ಕೇಳ್ರಿ!"

ಎಲ್ಲರೂ ಕೇಳಿದರು. ಅತ್ತೆ ಬಾಗಿಲಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ಒಳಗೆ ಬಂದು ಬೆಳಗಿನ ಭಾಂಡೆ ತಿಕ್ಕಲು ಕುಳಿತೆ.

ಮಧ್ಯಾಹ್ನ ಹುಡುಗಿ ಉಂಡು ಪಡಸಾಲೆಯಲ್ಲಿ ಮಲಗಿದಳು. ಹಗಲು ಮಲಗುವವಳಲ್ಲ. ನಾನು ಒಳಗೆ ಕೆಲಸ ಮಾಡುತ್ತಿದ್ದವಳು ತಡೆಯಲಾರದೆ ಎದ್ದು ಬಂದೆ. ನಾಲ್ಕನೆಯ ಇಯತ್ತೆ ಕಲಿತವಳು, ಜ್ವರ ಹೊಗಳಿಕೆಯಿಂದ ಬರುವುದಿಲ್ಲ ಎಂದು ಬಲ್ಲವಳು. ಬಂದು ನೋಡಿದರೆ ಅತ್ತೆ ಆಗಲೇ ಅವಳ ತಲೆದೆಸೆಯಲ್ಲಿ ಕುಳಿತು ಅಂಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದರು. ನನ್ನನ್ನು ನೋಡಿ ಕೈ ತೆಗೆದು ಸ್ವಲ್ಪ ಸರಿದು ಕುಳಿತರು. ನಾನೂ ಕುಳಿತು ಅವಳ ಉಸಿರಿಗೆ ನನ್ನ ಅಂಗೈ ಹಿಡಿದೆ.